ಆರನೆಯವನ ಜಾಗ

ಆಂಟ್ವರ್ಪ್, ಮೇ 13, ಬುಧವಾರ ಬೆಳಿಗ್ಗೆ

ಪ್ರೀತಿಯ ಬಾಬಾ,

ಹೇಗಿದ್ದೀಯ? ವಸಡಿನ ಊತ ಇಳಿಯಿತಾ? ದಿನಕ್ಕೆ ಮೂರು ಸಲ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ ಎಂದು ಡಾಕ್ಟರು ಹೇಳಿದರೆ ನೀನು ರಾಕಿ ಸಾರಾಯಿಯಲ್ಲಿ ಮುಕ್ಕಳಿಸಿ ಅದನ್ನೂ ನುಂಗುತ್ತೀಯ ಅಂತ ಅಮ್ಮ ದೂರು ಹೇಳಿದಳು. ಅವಳ ಮಂಡಿನೋವು ಹೇಗಿದೆ ಅಂತ ಅವಳನ್ನು ಕೇಳಿ ಪ್ರಯೋಜನವಿಲ್ಲ, ನೀನೇ ನೋಡಿ ಹೇಳಬೇಕು. ನಾನು ಚೆನ್ನಾಗಿದ್ದೇನೆ. ಶನಿವಾರದವರೆಗೆ ಗಂಟಲಿಗೆ ವಿಶ್ರಾಂತಿ ಕೊಡು, ಮಾತು ಬೇಡ ಅಂತ ಕಟ್ಟಪ್ಪಣೆಯಾಗಿದೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ ಅಂದುಕೋ. ಅದೂ ಪೂರ್ತಿ ನಿಜವಲ್ಲ. ಫೋನು ಮಾಡಿದರೆ ನೀನು "ಊಟ ಆಯ್ತಾ, ಚಳಿ ಇದೆಯಾ" ಎಂದು ಎರಡು ಮಾತು ಕೇಳಿ ಅಮ್ಮನ ಕೈಗೆ ಕೊಟ್ಟುಬಿಡುತ್ತೀಯ. ನಾನು ಹೇಳಬೇಕಾದದ್ದು ಆ ಎರಡು ಮಾತಿನ ಮಧ್ಯೆ ಹಿಡಿಸುವುದಿಲ್ಲ. ನಮ್ಮ ಉಡುಪು ಹೊಲಿಯುವ ಧುರತಾ ತನ್ನ ಮಗಳ ಹೆರಿಗೆಗೆಂದು ಇವತ್ತು ಮಧ್ಯಾಹ್ನ ತಿರಾನಾಕ್ಕೆ ಹೊರಟಿದ್ದಾಳೆ. ಅಲ್ಲಿಂದ ನಮ್ಮೂರು ಪೆರ್ಮೆತ್‌ಗೆ ಬರುವ ಸಂಜೆಯ ವ್ಯಾನಿನ ಡ್ರೈವರ್ ಕೈಗೆ ಇದನ್ನು ಕೊಡುತ್ತಾಳೆ. ರಾತ್ರಿ ಊಟದ ಹೊತ್ತಿಗೆ ನಿನ್ನ ಕೈಸೇರಬೇಕು.

ನಿನ್ನೆ ಯುರೋಪಿನ ಹಾಡಿನ ಸ್ಪರ್ಧೆಯ ಸೆಮಿಫೈನಲ್ ನಾವು ಗೆದ್ದೆವು, ನೀನು ಟಿವಿಯಲ್ಲಿ ನೋಡಿದ್ದೀಯ. ಮುಂದಕ್ಕೆ ಹೋಗುವ ಹತ್ತು ದೇಶಗಳ ಹೆಸರು ಕೂಗುವಾಗ ಎಂಟು ಮುಗಿದರೂ ನಮ್ಮದು ಬರಲಿಲ್ಲ. ಒಂಬತ್ತನೆಯದು ಅಲ್ಬೇನಿಯಾ ಅಂದಾಗ ಪಕ್ಕದವರನ್ನು ತಬ್ಬಿಕೊಂಡು ಕುಣಿದೆ, ಅವರು ಯಾವ ದೇಶದವರೋ ಗೊತ್ತಿಲ್ಲ. ಇನ್ನು ಶನಿವಾರ ಫೈನಲ್, ಇಡೀ ಯುರೋಪು ನೋಡುತ್ತದೆ. ಆ ಖುಷಿಯಲ್ಲೇ ಮಲಗಿದವಳನ್ನು ಬೆಳಿಗ್ಗೆ ಆರೂವರೆಗೆ ಅಮ್ಮ ಫೋನು ಮಾಡಿ ಎಬ್ಬಿಸಿದಳು. "ಅವಳಿಗೆ ಏನೂ ಹೇಳ್ಬೇಡ" ಎಂದು ನೀನು ಅವಳಿಗೆ ಹೇಳಿದ್ದೆಯಂತೆ. ನಲವತ್ತು ವರ್ಷ ಸಂಸಾರ ಮಾಡಿದವನಿಗೆ ಅಮ್ಮನ ಬಾಯಿ ಗೊತ್ತಿಲ್ಲವೇ, ಬಾಬಾ. ಎಲ್ಲಾ ಹೇಳಿದಳು.

ಚೌಕದ ಕೆಫೆಯಲ್ಲಿ ಊರಿಗೆ ಊರೇ ಸೇರಿತ್ತಂತೆ. ಹಾಡು ಶುರುವಾಗಿ ಪರದೆಯ ಮೇಲೆ ನನ್ನ ಪಕ್ಕ ನಿಂತ ಬಿಳಿ ಅಂಗಿಯ ಹುಡುಗ ಎಂಡ್ರಿ ಕ್ಲಾರಿನೆಟ್ ಬಾಯಿಗಿಟ್ಟಾಗ ಎಲ್ಲರೂ ಕುರ್ಚಿ ಮುಂದಕ್ಕೆಳೆದುಕೊಂಡರಂತೆ. ಆಮೇಲೆ ಕ್ಷೌರದಂಗಡಿಯ ಥೊಮಾ ನಿನ್ನ ಕಡೆ ತಿರುಗಿ, "ಏ ನೊವ್ರೂಜ್, ಇದು ನಿನ್ನ ಉಸಿರಲ್ವೇನೋ? ನನ್ನ ಮಗಳ ಮದುವೇಲಿ ಊದಿದ್ದು ಇದನ್ನೇ. ಯಾರೋ ಆ ಹುಡುಗ?" ಎಂದನಂತೆ. ನೀನು ಕಾಫಿ ಲೋಟ ಕೆಳಗಿಡದೆ, "ನನ್ನ ಶಿಷ್ಯ ಕಣೋ. ಚಳಿಗಾಲದಿಂದ ನಾನೇ ಕಲಿಸಿದ್ದು. ಅದಕ್ಕೇ ಹಂಗೇ ಕೇಳುತ್ತೆ" ಎಂದೆಯಂತೆ. ಥೊಮಾ ಬಿಡುವವನಾ? "ಬೆರಳು ಎಲ್ಲಿಡ್ಬೇಕು ಅಂತ ಹೇಳ್ಕೊಡೋದು ಮರೆತ್ಯಾ ಗುರುವೇ? ಸ್ವರ ಮೇಲಕ್ಕೆ ಹೋದ್ರೆ ಬೆರಳು ಕೆಳಗಡೆ ಓಡ್ತಿದೆ" ಎಂದು ನಗಿಸಿದನಂತೆ. ನೀನೂ ನಕ್ಕು, "ಅಷ್ಟು ಜನ ನೋಡಿ ಹೆದರಿದಾನೆ ಪಾಪ, ಸುಮ್ನಿರು" ಎಂದೆಯಂತೆ.

ಬಾಬಾ, ಕ್ಲಾರಿನೆಟ್ ವಿಷಯದಲ್ಲಿ ನೀನು ಸುಳ್ಳು ಹೇಳಿದ್ದನ್ನು ನಾನು ಹುಟ್ಟಿದ ಮೇಲೆ ಕೇಳಿಲ್ಲ. ಒಂದು ಸ್ವರ ತಪ್ಪಿದರೂ ಮದುಮಗನ ಅಪ್ಪನೆದುರೇ ತಪ್ಪಾಯಿತು ಎಂದು ಒಪ್ಪಿಕೊಂಡು ಮತ್ತೆ ಮೊದಲಿನಿಂದ ಊದುವವನು ನೀನು. ಬೆರಳು ಎಲ್ಲಿಡಬೇಕೆಂದು ತಿಳಿಯದ ಒಬ್ಬನನ್ನು ಊರೆದುರು ಶಿಷ್ಯ ಎಂದು ಒಪ್ಪಿಕೊಂಡೆ. ಯಾರ ಮಾನ ಉಳಿಸಲಿಕ್ಕೆ ಅಂತ ನನಗೆ ಗೊತ್ತು. ಮನೆಗೆ ಬಂದು ಸೂಪು ಕುಡಿದು, "ಹುಡುಗಿ ಚೆನ್ನಾಗಿ ಹಾಡಿದ್ಲು" ಎಂದಷ್ಟೇ ಹೇಳಿ ಮಲಗಿದೆಯಂತೆ. ಇದಕ್ಕಿಂತ ನೀನು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ನಿನ್ನ ಬಾಯಿ ಹಾಳಾದದ್ದೂ ನನ್ನ ದೆಸೆಯಿಂದಲೇ. ಡಾಕ್ಟರು ಅಕ್ಟೋಬರಿನಲ್ಲೇ ಮುಂದಿನ ಹಲ್ಲು ಕೀಳಿಸಬೇಕು, ಕೀವು ಮೂಳೆಗೆ ಇಳಿಯುತ್ತಿದೆ ಎಂದಿದ್ದರು. ನೀನು ಡಿಸೆಂಬರ್ ಕಳೆಯಲಿ ಎಂದು ಹಟ ಹಿಡಿದೆ. ಯಾಕೆಂದರೆ ತಿರಾನಾದ ಹಬ್ಬದಲ್ಲಿ ದೇಶದ ಹಾಡನ್ನು ಆರಿಸುವ ದಿನ ವಾದ್ಯವೃಂದ ಜನರೆದುರಿಗೇ ನಿಜವಾಗಿ ನುಡಿಸುತ್ತದೆ, ನನ್ನ ಹಾಡಿನ ಮೊದಲಿಗೆ ನಿನ್ನ ಕಬಾ ಬೇಕಿತ್ತು, ಮಾತಿಲ್ಲದೆ ಅಳುವ ಆ ನಮ್ಮೂರಿನ ರಾಗ. ಕೆನ್ನೆ ಊದಿಕೊಂಡು ಒಂದು ಕಣ್ಣು ಮುಚ್ಚಿಹೋಗಿದ್ದರೂ ನುಡಿಸಿದೆ. ನಾವು ಗೆದ್ದೆವು. ಜನವರಿಯಲ್ಲಿ ಮೇಲಿನ ಸಾಲಿನ ಆರು ಹಲ್ಲು ಒಟ್ಟಿಗೆ ಹೋದವು. ಹಲ್ಲಿಲ್ಲದ ಬಾಯಲ್ಲಿ ಕ್ಲಾರಿನೆಟ್ ನಿಲ್ಲುವುದಿಲ್ಲ, ನಿನಗೆ ಅದು ಮೊದಲೇ ಗೊತ್ತಿತ್ತು. ನನಗೆ ಹೇಳಲಿಲ್ಲ.

ಫೆಬ್ರವರಿಯಲ್ಲಿ ನಾಲ್ಕೂವರೆ ನಿಮಿಷದ ಹಾಡನ್ನು ಮೂರು ನಿಮಿಷಕ್ಕೆ ಕತ್ತರಿಸಿದರು, ಇಲ್ಲಿಯ ಕಾನೂನು ಹಾಗೆ. ನಿನ್ನ ಕಬಾ ಮಾತ್ರ ಹಲ್ಲು ಹೋಗುವ ಮುಂಚೆ ಸ್ಟುಡಿಯೋದಲ್ಲಿ ಮುದ್ರಿಸಿದ್ದು ಹಾಗೇ ಉಳಿಯಿತು. ಅದಕ್ಕೊಂದು ಜಗಳ ಆಗಿತ್ತು. ನೀನು ಊದುವ ಮುಂಚೆ ಮೂಗಿನಲ್ಲಿ ಉಸಿರೆಳೆದುಕೊಳ್ಳುವ ಸದ್ದು ಬರುತ್ತದಲ್ಲ, ಅದನ್ನು ತೆಗೆದುಬಿಡೋಣ ಎಂದರು. ಮುಟ್ಟಿದರೆ ಹಾಡುವುದಿಲ್ಲ ಎಂದೆ. ನಿನ್ನ ಪರವಾಗಿ ನಾನು ಮಾಡಿದ ಒಂದೇ ಜಗಳ ಅದು. ವೇದಿಕೆಯ ಮೇಲೆ ಆರು ಜನರಿಗಷ್ಟೇ ಅವಕಾಶ. ನಾನು, ಹಿಂದೆ ದನಿಗೂಡಿಸುವ ನಾಲ್ವರು, ಒಬ್ಬ ಕ್ಲಾರಿನೆಟ್‌ನವನು. ಆ ಆರನೆಯ ಜಾಗ ನಿನ್ನದು ಎಂದೇ ಎಲ್ಲರೂ ಅಂದುಕೊಂಡಿದ್ದರು, ನೀನೂ ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಇಟ್ಟಿದ್ದೆ. ಆಗ ನಾನು ಫೋನು ಮಾಡಿ ಹೇಳಿದೆ: ಬಾಬಾ, ಅಲ್ಲಿ ಎಲ್ಲರೂ ನಿಜವಾಗಿ ನುಡಿಸಬೇಕು, ತೀರ್ಪುಗಾರರು ಕಿವಿಗೊಟ್ಟು ಕೇಳುತ್ತಾರೆ, ಹಲ್ಲಿಲ್ಲದೆ ಆಗುವುದಿಲ್ಲ. ನೀನು, "ಸರಿ ಬಿಡು. ನಿಜವಾಗ್ಲೂ ನುಡಿಸ್ಬೇಕು ಅಂತಿದ್ರೆ ಅದು ಮರ್ಯಾದಸ್ಥರ ಜಾಗ" ಎಂದೆ.

ಸುಳ್ಳು, ಬಾಬಾ. ಇಲ್ಲಿ ಒಬ್ಬರೂ ನುಡಿಸುವುದಿಲ್ಲ. ಹಾಡುವ ಗಂಟಲು ಮಾತ್ರ ನಿಜ, ವಾದ್ಯವೆಲ್ಲ ಮುದ್ರಿಸಿಟ್ಟದ್ದು. ಡ್ರಮ್ಮಿಗೆ ಹೊಡೆದರೆ ಸದ್ದು ಬರಬಾರದೆಂದು ರಬ್ಬರು ಹೊದಿಸಿರುತ್ತಾರೆ, ಗಿಟಾರಿಗೆ ತಂತಿ ಇದ್ದರೂ ಆಯಿತು ಇಲ್ಲದಿದ್ದರೂ ಆಯಿತು. ನಮ್ಮ ಮುಂದಿನ ಸರದಿಯ ದೇಶದವರು ಅಕಾರ್ಡಿಯನ್ ಹಿಡಿದ ಒಬ್ಬ ಮುದುಕನನ್ನು ಕರೆತಂದಿದ್ದಾರೆ, ನಿನಗಿಂತ ಹತ್ತು ವರ್ಷ ದೊಡ್ಡವನು. ಗಾಳಿಯಲ್ಲಿ ಬೆರಳಾಡಿಸಿ ಕೆಳಗಿಳಿದು ಬಂದು ನಮಗೆಲ್ಲ ಪೆಪ್ಪರ್‌ಮಿಂಟ್ ಹಂಚುತ್ತಾನೆ. ಹಲ್ಲಿಲ್ಲದವನು ಕ್ಲಾರಿನೆಟ್ ಹಿಡಿದು ನಿಲ್ಲಬಹುದಾದ ವೇದಿಕೆ ಲೋಕದಲ್ಲಿ ಎಲ್ಲಾದರೂ ಇದ್ದರೆ ಅದು ಇದೊಂದೇ. ಅಲ್ಲಿಗೇ ನಿನ್ನನ್ನು ಬರದಂತೆ ಮಾಡಿದೆ. ಎಂಡ್ರಿ ತಿರಾನಾದಲ್ಲಿ ಕುಣಿಯುವ ಹುಡುಗ, ಒಳ್ಳೆಯವನು. ಮೊದಲ ದಿನ ಕ್ಲಾರಿನೆಟ್ ಕೈಗೆ ಕೊಟ್ಟಾಗ "ಯಾವ ತುದಿ ಬಾಯಿಗೆ ಅಕ್ಕ?" ಎಂದು ಕೇಳಿದ. ನಾನು ತೋರಿಸಿಕೊಟ್ಟೆ. ಹಾಗೆ ನೋಡಿದರೆ ಅವನು ನನ್ನ ಶಿಷ್ಯ.

ಇದಕ್ಕೆಲ್ಲ ಕಾರಣ ನಮ್ಮ ರಂಗನಿರ್ದೇಶಕ ಇಲ್ವಿ. ಕ್ಯಾಮೆರಾ ಮುಖದ ಹತ್ತಿರ ಬರುತ್ತದೆ, ಚೆಂದದ ಹುಡುಗ ಬೇಕು, ವಯಸ್ಸಾದವರು ಬೇಡ ಎಂದು ಅವನು ಹಟ ಹಿಡಿದ. ನನ್ನ ತಪ್ಪೇನೆಂದರೆ ಎದುರಾಡದೆ ತಲೆಯಾಡಿಸಿದ್ದು. ಮೊದಲ ಸಲ ದೇಶದ ಪರವಾಗಿ ಹೋಗುವವಳು, ಹೆದರಿಕೆ ಇತ್ತು. ನಿನ್ನ ಮಗಳು ಪುಕ್ಕಲಿ ಅಂತ ನಿನಗೆ ಗೊತ್ತೇ ಇದೆ.

ಬೆಳಿಗ್ಗೆ ಅಮ್ಮನ ಫೋನು ಇಟ್ಟಮೇಲೆ ಎಂಡ್ರಿಯ ಕೋಣೆಗೆ ಹೋಗಿ ಕೆಫೆಯ ಕಥೆಯನ್ನೆಲ್ಲ ಹೇಳಿದೆ. ನನ್ನ ಕಣ್ಣೀರು ನೋಡಿ ಹೆದರಿದನೋ ಏನೋ, ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಕ್ಲಾರಿನೆಟ್ ಪೆಟ್ಟಿಗೆ ತಂದು ನನ್ನ ಕೈಗಿಟ್ಟ. "ಅವರು ನನ್ನ ಶಿಷ್ಯ ಅಂದ್ರಾ? ಹಾಗಾದ್ರೆ ಗುರುಗಳು ಬಂದು ನಿಲ್ಲಲಿ, ನಾನು ಕೆಳಗೆ ಕೂತು ನೋಡ್ತೀನಿ" ಎಂದ. ಹೆಸರು ಬದಲಿಸಲು ನಾಳೆ ಸಂಜೆಯವರೆಗೆ ಅವಕಾಶವಿದೆ. ಈ ಕಾಗದ ತರುವ ವ್ಯಾನೇ ನಾಳೆ ಬೆಳಿಗ್ಗೆ ಐದಕ್ಕೆ ತಿರಾನಾಕ್ಕೆ ಹಿಂದಿರುಗುತ್ತದೆ, ಮುಂದಿನ ಸೀಟು ನಿನಗೆಂದು ಹೇಳಿಸಿದ್ದೇನೆ. ಮಧ್ಯಾಹ್ನದ ವಿಮಾನಕ್ಕೆ ಟಿಕೆಟ್ಟು ಮಾಡಿಸಿದೆ, ಇಳಿಯುವ ಕಡೆ ನಾನೇ ನಿಂತಿರುತ್ತೇನೆ. ಪಾಸ್‌ಪೋರ್ಟು ಅಮ್ಮನ ಬಟ್ಟೆಪೆಟ್ಟಿಗೆಯ ತಳದಲ್ಲಿದೆ. ಮಫ್ಲರ್ ತಾ, ಇಲ್ಲಿ ಮೇ ತಿಂಗಳಲ್ಲೂ ಗಾಳಿ ಕೊರೆಯುತ್ತದೆ.

ಅಮ್ಮನಿಗೆ ನನ್ನ ಅಪ್ಪುಗೆ ಹೇಳು. ಅಕ್ರೋಟಿನ ಮುರಬ್ಬ ಕಳಿಸುತ್ತೇನೆ ಎಂದಳು, ಬೇಡವೆನ್ನು, ಬಾಟಲಿಯನ್ನು ವಿಮಾನದಲ್ಲಿ ಬಿಡುವುದಿಲ್ಲ. ಥೊಮಾನಿಗೂ ಕೆಫೆಯವರಿಗೂ ನೆನಪು ತಿಳಿಸು. ನಿನ್ನ ಎರಡೂ ಕೈಗೆ ಮುತ್ತಿಡುತ್ತಾ,

ನಿನ್ನ
ಲೆಡಿನಾ

ತಾ.ಕ.: ಕಾರು ಬಂದು ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆ ಕೊಡಲು ಹೋದರೆ ಧುರತಾ ನನ್ನ ಮುಖ ನೋಡಿ, "ಎಲ್ಲಾ ಬರೆದ್ಯಾ?" ಎಂದು ಕೇಳಿದಳು. ಇಲ್ವಿ ಆರನೆಯ ಜಾಗದ ಮಾತೆತ್ತಿದ ದಿನ ನನ್ನ ಉಡುಪಿನ ಅಳತೆ ತೆಗೆಯುತ್ತಾ ಅವಳು ಅದೇ ಕೋಣೆಯಲ್ಲಿದ್ದಳು, ಎಲ್ಲಾ ಕೇಳಿಸಿಕೊಂಡಿದ್ದಾಳೆ. ಇಲ್ವಿಯ ಮೇಲೆ ಹಾಕಿದ್ದು ಸುಳ್ಳು, ಬಾಬಾ. ಅವನು ಹುಡುಗ ಬೇಕು ಅನ್ನಲಿಲ್ಲ. "ನಿಮ್ಮಪ್ಪನ್ನೇ ಕರೆಸು, ಆ ಮುಖ ಎಲ್ಲಿ ಸಿಗುತ್ತೆ, ಹಲ್ಲಿಲ್ದಿದ್ರೆ ಏನಂತೆ, ಇಲ್ಲಿ ಯಾರು ಊದ್ತಾರೆ" ಎಂದು ಮೂರು ಸಲ ಕೇಳಿದ. ಬೇಡ ಅಂದವಳು ನಾನು. "ನಮ್ಮಪ್ಪ ಮದುವೆಗಳಲ್ಲಿ ಹಣೆಗೆ ಬಕ್ಷೀಸಿನ ನೋಟು ಅಂಟಿಸ್ಕೊಂಡು ಊದೋನು, ಬಾಯಲ್ಲಿ ಹಲ್ಲೂ ಇಲ್ಲ, ಪಕ್ಕದಲ್ಲಿ ನಿಲ್ಲಿಸ್ಕೊಂಡ್ರೆ ಯುರೋಪೆಲ್ಲಾ ನನ್ನ ನೋಡಿ ನಗುತ್ತೆ" ಅಂದೆ. ಇದೇ ಮಾತು, ಒಂದಕ್ಷರ ಆಚೀಚೆ ಇಲ್ಲ. ಇದು ಗೊತ್ತಾದ ಮೇಲೂ ಬರುವ ಮನಸ್ಸಾದರೆ ಬಾ. ಆಗದಿದ್ದರೆ ಶನಿವಾರ ನಾವು ಐದೇ ಜನ ನಿಲ್ಲುತ್ತೇವೆ.