ಕೆಂಪು ದಾರ ಕಟ್ಟಿದ ಟೋಕನ್

ಭಾನುವಾರ, ಮಧ್ಯಾಹ್ನ
ರೈಲು ನಿಲ್ದಾಣದ ವೇಟಿಂಗ್ ರೂಮು

ಪ್ರೀತಿಯ ಅಕ್ಕನಿಗೆ,

ನಾನು ಚೆನ್ನಾಗಿದ್ದೇನೆ. ಇದನ್ನು ಮೊದಲೇ ಬರೆಯದಿದ್ದರೆ ನೀನು ಮುಂದೆ ಓದುವುದಿಲ್ಲ ಎಂದು ಗೊತ್ತು.

ಶುಕ್ರವಾರ ನೀನು ಫೋನ್ ಮಾಡಿದಾಗ ಲೈಬ್ರರಿಯಲ್ಲಿದ್ದೇನೆ ಎಂದೆ. ಸುಳ್ಳು. ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ಈ ಪರದೇಶದ ಹಾಸ್ಟೆಲಿನ ನಾವು ನಾಲ್ವರು ಎರಡು ದಿನದ ಮಟ್ಟಿಗೆ ಪಕ್ಕದ ಊರು ನೋಡಲು ಹೊರಟಿದ್ದೆವು. ನೀನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ, ಹೂಂ ಎಂದೆ, ಫೋನ್ ಇಟ್ಟೆ. ಆಮೇಲೆ ರೈಲು ಬಂತು, ಹತ್ತಿದೆ. ವಾಪಸು ರೂಮಿಗೆ ಹೋಗಬೇಕು ಎಂದು ಅನ್ನಿಸಲೇ ಇಲ್ಲ. ಯಾಕೆ ಎಂದು ಎರಡು ದಿನದಿಂದ ಕೇಳಿಕೊಳ್ಳುತ್ತಿದ್ದೇನೆ.

ನೀನು ಹೇಳಿದ್ದು ಹೀಗೆ, ಮರೆತಿಲ್ಲ: ಫ್ಯಾಕ್ಟರಿಯಲ್ಲಿ ಕರಪತ್ರ ಸಿಕ್ಕಿತು. ಮೂರನೇ ಲೈನಿನ ನಲವತ್ತು ಹೆಂಗಸರನ್ನೂ ಸಾಲಾಗಿ ನಿಲ್ಲಿಸಿದರು. ಬರೆದವರು ಯಾರೆಂದು ಹೇಳದಿದ್ದರೆ ನಲವತ್ತು ಜನವನ್ನೂ ತೆಗೆಯುತ್ತೇವೆ ಎಂದರು. ನೀನು ಮುಂದೆ ಬಂದು "ನಾನೇ" ಎಂದೆ. ನೀವೆಲ್ಲ 'ಶಿಳ್ಳೆ' ಎಂದು ಕರೆಯುವ ಸೂಪರ್‌ವೈಸರ್ ನಕ್ಕನಂತೆ, ಏಳನೇ ಕ್ಲಾಸಿನವಳು ಇಷ್ಟು ಚೆನ್ನಾಗಿ ಬರೆದೆಯಾ ಎಂದು. "ಯಾಕೆ ಸಾರ್, ಬರೆಯೋಕೂ ಟೋಕನ್ ಬೇಕಾ?" ಎಂದೆಯಂತೆ. ಲೈನಿಡೀ ನಕ್ಕಿತು ಎಂದು ಹೇಳುವಾಗ ನಿನಗೂ ನಗು ಬಂತು. ಸೋಮವಾರ ಹತ್ತು ಗಂಟೆಗೆ ವಿಚಾರಣೆ ಎಂದು ಅದೇ ಉಸಿರಿನಲ್ಲಿ ಹೇಳಿದೆ.

ಅಕ್ಕ, ಅವರಿಗೆ ಮೂರನೇ ಲೈನೆಂದು ಗೊತ್ತಾದದ್ದು ನನ್ನಿಂದ. ನಾನು ಬರೆದ ಆ ಕರಪತ್ರದಲ್ಲಿ, ಬಾತ್‌ರೂಮಿಗೆ ಹೋಗಬೇಕಾದರೆ ಕೈಯಲ್ಲಿ ಟೋಕನ್ ಇರಬೇಕು, ಲೈನಿಗೊಂದೇ ಟೋಕನ್ ಎಂದು ಬರೆದಿದ್ದರೆ ಸಾಕಿತ್ತು. ಎಂಟು ಲೈನಿನಲ್ಲೂ ಅದೇ ಕಥೆ. ನಾನು "ಕೆಂಪು ದಾರ ಕಟ್ಟಿದ ಒಂದು ಮರದ ಬಿಲ್ಲೆಗಾಗಿ ನಲವತ್ತು ಹೆಂಗಸರು" ಎಂದು ಬರೆದೆ. ದಾರ ಇದ್ದದ್ದು ನಿಮ್ಮದಕ್ಕೆ ಮಾತ್ರ. ಬೇರೆ ಲೈನಿನವರು ಎತ್ತಿಕೊಂಡು ಹೋಗುತ್ತಾರೆಂದು ಅದನ್ನು ಕಟ್ಟಿದವಳು ನೀನು. ಯಾವತ್ತೋ ಹರಟೆಯಲ್ಲಿ ನನಗೆ ಹೇಳಿದವಳೂ ನೀನೇ. ಕಾರ್ಮಿಕರನ್ನು ಸಂಘಟಿಸುವ ಬಗ್ಗೆ ನಾನು ಓದಿದ ಪುಟ್ಟ ಪುಸ್ತಕಗಳಲ್ಲೆಲ್ಲ ಕಣ್ಣಿಗೆ ಕಟ್ಟುವ ವಿವರ ಕೊಡಿ ಎಂದಿರುತ್ತದೆ. ಆ ವಿವರ ಯಾರ ಕುತ್ತಿಗೆಗೆ ಬರುತ್ತದೆ ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಬರೆದ ದಿನ ಆ ಸಾಲನ್ನು ನಾಲ್ಕು ಸಲ ಓದಿ ಹಿಗ್ಗಿದ್ದೆ.

ಈಗ ಇಲ್ಲಿಯದು ಹೇಳುತ್ತೇನೆ. ಶನಿವಾರ ಬೆಳಿಗ್ಗೆ ಒಂದು ಗೋಪುರ ಹತ್ತಿದೆವು. ಮೆಟ್ಟಿಲು ಮುನ್ನೂರು ಚಿಲ್ಲರೆ. ನಮ್ಮಲ್ಲಿ ಒಬ್ಬನಿಗೆ 'ನಕಾಶೆ' ಎಂದು ಹೆಸರಿಟ್ಟಿದ್ದೇವೆ. ಕೈಯಲ್ಲಿ ಸದಾ ನಕಾಶೆ, ಹೋಗುವುದು ಸದಾ ತಪ್ಪು ದಾರಿ. ಮೇಲೆ ನಿಂತು ಅವನು ಅದು ಸೇತುವೆ, ಇದು ಅರಮನೆ ಎಂದು ತೋರಿಸಿದ. ನೋಡಿದೆ. ಆಮೇಲೆ ದೋಣಿ, ಆಮೇಲೆ ಹಳೆಯ ಗಡಿಯಾರಗಳ ಮ್ಯೂಸಿಯಂ. ಒಂದೊಂದು ಗಡಿಯಾರವೂ ಒಂದೊಂದು ಸಮಯ ತೋರಿಸುತ್ತಿತ್ತು. "ನಿನ್ನ ಮುಖಕ್ಕೇನಾಗಿದೆ, ಊಟ ಸೇರಲಿಲ್ವಾ?" ಎಂದು ನಕಾಶೆ ಕೇಳಿದ. ಕಾಲು ನೋಯುತ್ತಿದೆ ಎಂದೆ. ಕಾಲು ನೋಯುತ್ತಿರಲಿಲ್ಲ. ಏನೂ ನೋಯುತ್ತಿರಲಿಲ್ಲ. ಎಲ್ಲ ಫೋಟೋದಲ್ಲೂ ನಗುತ್ತಿದ್ದೇನೆ. ನಿನಗೆ ಕಳಿಸುವುದಿಲ್ಲ.

ರಾತ್ರಿ ಡ್ಯಾನ್ಸ್ ಕ್ಲಬ್ಬಿಗೆ ಕರೆದುಕೊಂಡು ಹೋದರು. ಮೊದಲಾಗಿದ್ದರೆ ಬಾಗಿಲಲ್ಲೇ ನಿಂತು ಭಾಷಣ ಬಿಗಿಯುತ್ತಿದ್ದೆ. ಸುಮ್ಮನೆ ಒಳಗೆ ಹೋದೆ. ಬಾಗಿಲ ಬಳಿ ಒಂದು ಕೌಂಟರು, ಅದರ ಹಿಂದೆ ನಮ್ಮ ಚಿಕ್ಕಮ್ಮನ ವಯಸ್ಸಿನ ಒಬ್ಬ ಹೆಂಗಸು. ಕೋಟು ತೆಗೆದುಕೊಂಡು ಟೋಕನ್ ಕೊಡುತ್ತಾಳೆ. ನೀನು ನಾಲ್ಕು ಭಾನುವಾರ ಕೂತು ಹೊಲಿದ ಕೋಟನ್ನು ಕೊಟ್ಟೆ. ಅವಳು ಒಳಜೇಬಿನ ಹೊಲಿಗೆಯ ಮೇಲೆ ಬೆರಳಾಡಿಸಿ, "ಇದು ಅಂಗಡೀದಲ್ಲ. ಯಾರು ಹೊಲಿದಿದ್ದು?" ಎಂದಳು. ಅಕ್ಕ ಎಂದೆ. "ಕೈ ಅಂದ್ರೆ ಇದು," ಎಂದಳು.

ಒಂದು ಗಂಟೆ ಕುಣಿದೆ ಎಂದುಕೋ. ಸುತ್ತ ಎಲ್ಲರೂ ಕುಣಿಯುವಾಗ ನಿಲ್ಲುವುದಕ್ಕೂ ಶಕ್ತಿ ಬೇಕು. ಹೊರಗೆ ಬಂದಾಗ ಆ ಹೆಂಗಸು ನನ್ನನ್ನು ಕರೆದಳು. "ಎರಡು ನಿಮಿಷ ಇಲ್ಲಿ ನಿಂತ್ಕೋತೀಯಾ ಮಗಳೇ? ಬಾತ್‌ರೂಮಿಗೆ ಹೋಗ್ಬೇಕು. ಜಾಗ ಖಾಲಿ ಇದ್ರೆ ನನ್ನನ್ನೇ ಖಾಲಿ ಮಾಡಿಸ್ತಾರೆ." ಕೌಂಟರಿನ ಹಿಂದೆ ಹೋಗಿ ನಿಂತೆ. ಮೂವರಿಗೆ ಕೋಟು ತೆಗೆದುಕೊಟ್ಟೆ. ಅವಳು ಬಂದಾಗ ಕೇಳಬೇಕಿತ್ತು, ನಿಮಗೆ ರಜೆ ಎಷ್ಟು, ಪಾಳಿ ಎಷ್ಟು ಗಂಟೆಯದು ಎಂದು. ಕೆಲಸದವರ ಜೊತೆ ಮಾತು ಹೇಗೆ ಶುರುಮಾಡಬೇಕು ಎಂಬ ಆ ಪುಸ್ತಕಗಳ ಅಧ್ಯಾಯ ನನಗೆ ಬಾಯಿಪಾಠ. ಅವಳು "ದೇವರು ಒಳ್ಳೇದು ಮಾಡ್ಲಿ" ಎಂದಳು. ನಾನು ಬಾಗಿಲು ದಾಟಿ ನಡೆದುಬಿಟ್ಟೆ.

ತಂಗಿದ್ದ ಕೋಣೆ ಅರ್ಧ ಗಂಟೆಯ ದಾರಿ. ನೀರು ಹೆಪ್ಪುಗಟ್ಟುವ ಚಳಿ ಇತ್ತಂತೆ. ಕೋಣೆಯ ಬಾಗಿಲಲ್ಲಿ ನಕಾಶೆ "ಕೋಟೆಲ್ಲೇ?" ಎಂದಾಗಲೇ ಗೊತ್ತಾದದ್ದು, ಮೈಮೇಲೆ ಕೋಟಿಲ್ಲ ಎಂದು. ಕೈಯಲ್ಲಿ ಟೋಕನ್ ಇತ್ತು. ಇವತ್ತು ಬೆಳಿಗ್ಗೆ ಹೋದೆ, ಬೀಗ. ಇನ್ನು ತೆಗೆಯುವುದು ಮುಂದಿನ ಶುಕ್ರವಾರ. ನಮ್ಮ ರೈಲು ನಾಲ್ಕು ಗಂಟೆಗೆ. ಟೋಕನ್ ಈ ಹಾಳೆಯ ಪಕ್ಕದಲ್ಲೇ ಇದೆ. ಇದಕ್ಕೆ ದಾರ ಇಲ್ಲ.

ಅಕ್ಕ, ನೀನು ಶುಕ್ರವಾರ ಕೊನೆಗೆ ಹೇಳಿದೆಯಲ್ಲ, "ನೀನು ಬಾಯಿ ಬಿಟ್ರೆ ಇಬ್ರೂ ಮುಳುಗ್ತೀವಿ. ಓದು ಮುಗಿಸ್ಕೊಂಡು ಬಾ ಲಾಯರಮ್ಮ, ಆಮೇಲೆ ಎಷ್ಟು ಬೇಕೋ ಅಷ್ಟು ಮಾತಾಡು" ಎಂದು. ನನ್ನ ಓದಿನ ಖರ್ಚು ಕೊಡುವುದು ನಿನ್ನ ಫ್ಯಾಕ್ಟರಿ ಮಾಲೀಕರ ಟ್ರಸ್ಟೇ ಎಂಬುದು ನಿನ್ನಂತೆ ನನಗೂ ಗೊತ್ತು. ಸಂಸ್ಥೆಗೆ ವಿರುದ್ಧ ನಡೆದರೆ ನೆರವು ರದ್ದು ಎಂಬ ಷರತ್ತಿಗೆ ನಾನೇ ಸಹಿ ಹಾಕಿದ್ದೇನೆ. ಆದರೂ ನೀನು ಸುಮ್ಮನಿರು ಎಂದರೆ ಸುಮ್ಮನಿರುವವಳಲ್ಲ ನಾನು. ಕರಪತ್ರ ಬರೆದವಳು ನಾನು, ನನ್ನ ಅಕ್ಕನಿಗೆ ಅದು ಗೊತ್ತೇ ಇರಲಿಲ್ಲ ಎಂದು ಹೇಳಿಕೆ ಬರೆದು ಸಹಿ ಮಾಡಿ ಇದರೊಳಗೇ ಇಟ್ಟಿದ್ದೇನೆ. ವಿಚಾರಣೆ ಮಾಡುವವರ ಮೇಜಿನ ಮೇಲೆ ಇಡು. ನಿನ್ನ ಹದಿಮೂರು ವರ್ಷದ ಕೆಲಸ ನನ್ನ ಒಂದು ಸಾಲಿಗೆ ಹೋಗಬಾರದು.

ಅಮ್ಮನಿಗೆ ಏನೂ ಹೇಳಬೇಡ. ಕೋಟು ಬೆಚ್ಚಗಿದೆಯಂತೆ ಎಂದು ಹೇಳು.

ಲಾಯರಮ್ಮ ಅಲ್ಲ, ಬರೀ
ನಿನ್ನ ತಂಗಿ

ತಾ.ಕ.: ಸೋಮವಾರ. ಪತ್ರ ಹಾಕಲು ಅಂಚೆ ಕಚೇರಿಗೆ ಬಂದಿದ್ದೇನೆ. ನಿನ್ನ ವಿಚಾರಣೆ ಈ ಹೊತ್ತಿಗೆ ಮುಗಿದಿರುತ್ತದೆ. ಆ ಹೇಳಿಕೆ ನಾನು ಬರೆದದ್ದು ಶನಿವಾರ ಬೆಳಿಗ್ಗೆ, ಬೇರೆಯವರು ಏಳುವ ಮೊದಲು. ಫೋಟೋ ತೆಗೆದು ಫೋನಿನಲ್ಲಿ ಕಳಿಸಿದ್ದರೆ ಒಂದು ನಿಮಿಷದ ಕೆಲಸ. ಗಡಿಯಾರಗಳ ಫೋಟೋ ನಲವತ್ತು ತೆಗೆದಿದ್ದೇನೆ. ಮಾಮೂಲಿ ಅಂಚೆಯಲ್ಲಿ ತಲುಪಲು ಹನ್ನೆರಡು ದಿನ ಎಂದು ಕೌಂಟರಿನಾಕೆ ಹೇಳಿದಳು. "ಅರ್ಜೆಂಟಾ?" ಎಂದು ಕೇಳಿದಳು. ಇಲ್ಲ ಎಂದೆ.