ಮೇಣಬತ್ತಿ ಹಚ್ಚೋ ಕನ್ನಡಿ

3-10-49, ಸೋಮವಾರ, ಶಹಾಪುರ
ಹೊತ್ತು ಮುಣಗಿತು. ಜಾಗೀರದಾರರ ದೊಡ್ಡಮನಿ, ಈ ದೇವಡಿ ಗ್ವಾಡಿ ಮ್ಯಾಲಿನ ಎರಡೂ ಕನ್ನಡಿಗಿ ಮೇಣಬತ್ತಿ ಹಚ್ಚಿದೆ. ಇಂಗ್ಲೆಂಡ್ ಮಾಲು — ಬಂಗಾರ ಹಚ್ಚಿದ ಚೌಕಟ್ಟು, ಬತ್ತಿ ಸಿಗಸಾಕ ಎರಡು ಕೈ. ಜಾಗೀರು ಹೋಯ್ತು. ಬೇಗಂಸಾಹೇಬರು ಸಾಮಾನು ಮಾರಾಕತ್ಯಾರ. ಕನ್ನಡಿ ಮಾರಿದ ಮರುದಿನ ಹೈದ್ರಾಬಾದಿಗಿ ಹೋಗ್ತಾರಂತ. ಅವರ ಕೆಲಸದಾಕಿ ಚಮನಬೀನೂ.
ಹೋಗಲಿ. ನನಗೇನು.

5-10-49
ಮೊನ್ನೆ "ನನಗೇನು" ಅಂತ ಸುಳ್ಳು ಬರದೀನಿ. ಮೂರನೇ ಇಯತ್ತಿಗೇ ಸಾಲಿ ಬಿಟ್ಟಾವ, ಓದಾವನೂ ನಾನೇ, ಸುಳ್ಳ್ಯಾಕ?
ದೀಪ ಹಚ್ಚೋ ಆಳು ಗ್ವಾಡಿಗಿ ಮಾರಿ ಮಾಡೇ ನಿಲ್ಲಬೇಕು. ಹಿಂದ ಹೆಣ್ಣಮಕ್ಕಳ ಜನಾನಾ ಪರದಾ, ತಿರುಗಬಾರದು. ದೇವಡಿ ಕಾಯ್ದೆ. ಆದ್ರ ಕನ್ನಡಿ ಯಾರ ಮಾತು ಕೇಳ್ತದ? ನಾ ಬತ್ತಿ ಹಚ್ಚೂಮಟ ಚಮನಬೀ ಪರದಾ ಸರಸಿ ನಿಂತಿರ್ತಾಳ. ಇಪ್ಪತ್ತೆರಡು ವರ್ಷ ಕನ್ನಡ್ಯಾಗೇ ನೋಡೀನಿ. ಹೊರಗ ಬಂದ್ರ ಬುರ್ಖಾ. ಎದುರಾಬದುರಾ ಒಂದಿನಾನೂ ಇಲ್ಲ.

7-10-49
ಬೇಪಾರಿ ಬರ್ತಾನ, ಕನ್ನಡಿ ತಿಕ್ಕು ಅಂದ್ರು. ಹಿತ್ತಾಳಿ ತಿಕ್ಕಿದಾಂಗ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿದೆ. ಬಂಗಾರ ಎಲ್ಲಾ ಅರಬಿಗಿ ಬಂತು! ಕೆಳಗ ಬರೇ ಸುಣ್ಣ, ಕಟಗಿ.
ಬೇಪಾರಿ ಖಾಜಾಹುಸೇನ, "ಇದನ್ನ ಯಾವ ಕತ್ತೆ ತಗೋತದ?" ಅಂದು ಎದ್ದು ಹೋದ.
ಪರದಾ ಹಿಂದ ಚಮನಬೀ ನಕ್ಕಳು. "ಬಂಗಾರಕ್ಕ ಹುಣಸಿಹಣ್ಣೇನೋ ಮುದುಕಾ? ತಲಿಗೂ ಅದನ್ನೇ ಹಚ್ಚತೀಯೇನು?"
"ಬಾಯಿ ಮುಚ್ಚು" ಅಂದೆ.
ಬೇಕಂತ ಮಾಡಿದ್ದಲ್ಲ. ಆದ್ರ ಆಕಿ ಹೋಗೂದು ನಿಂತದ.

16-10-49
ಎಂಟು ದಿನ ಬರಿಲಿಲ್ಲ. ದಿನಾ ಸಂಜಿ ಬತ್ತಿ ಹಚ್ಚಿದೆ, ಆಕಿ ನಿಂತಳು. "ಹೋಗಬ್ಯಾಡ, ಇರು" ಅನ್ನಬೇಕಂತ ಬಾಯಿತನಾ ಬರ್ತದ, ಹೊರಗ ಬರಲ್ಲ. ಬೈಗಳಾದ್ರ ಸರಾಗ ಬರ್ತಾವ, ಹಾಳ ಬಾಯಿ!
ಇವತ್ತು ಖಾಜಾಹುಸೇನ ಮತ್ತ ಬಂದ. "ಇರಲಿ, ಅರ್ಧಾ ರೊಕ್ಕಕ್ಕ ಕೊಡ್ರಿ" ಅಂದ. ಹುಲ್ಲಾಗ ಸುತ್ತಿ ಬಂಡಿಗಿ ಏರಿಸಿದ್ವಿ. ನಾನೇ ಹೊತ್ತೆ.

17-10-49, ಮುಂಜಾನಿ
ಯಾದಗಿರಿ ಸ್ಟೇಷನ್ನಿಗಿ ಹೋಗಾಕ ಬೇಗಂಸಾಹೇಬರು ಟಾಂಗಾ ಏರಿದ್ರು. ನಾ ಬೋಳು ಗ್ವಾಡಿಗಿ ಮಾರಿ ಮಾಡಿ ನಿಂತಿದ್ದೆ. ರೂಢಿ.
"ತಿರುಗೋ ಅಮಾತೆಪ್ಪಾ. ಈಗ ಕನ್ನಡಿ ಎಲ್ಲದ?" — ಚಮನಬೀ.
ತಿರುಗಿದೆ. ಬುರ್ಖಾ ಮ್ಯಾಲ ಎತ್ತಿದ್ಳು. ಬಲಗಲ್ಲದಾಗ ಕರಿ ಮಚ್ಚಿ. ಕನ್ನಡ್ಯಾಗ ನೋಡಿ ಇಷ್ಟು ವರ್ಷ ಎಡಗಲ್ಲ ಅನಕೊಂಡಿದ್ದೆ...
"ಏನರ ಅನ್ನು. ಟಾಂಗಾ ಕಾಯಾಕತ್ತದ."
"ಮಚ್ಚಿ ಬಲಕ್ಕ ಅದ" ಅಂದೆ.
ಬುರ್ಖಾ ಇಳಿಸಿದಳು. ಹೋದಳು.
ನಾ ಅನ್ನಬೇಕಾದದ್ದು ಅದಲ್ಲ. ಅನ್ನಬೇಕಾದದ್ದು —