ಕರೆಯಬಾರದ ಸಾಕ್ಷಿ

ರಾಯಚೂರು, ಫೆಬ್ರುವರಿ ೩೦, ೨೧೯೧

ನೂರೈವತ್ತು ವರ್ಷಕ್ಕೂ ಹಿಂದಿನ ಹಿರಿಯರೇ,

ತಾರೀಖು ತಪ್ಪಲ್ಲ, ನಮ್ಮ ಫೆಬ್ರುವರಿಗೆ ಮೂವತ್ತು ದಿನ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಇದನ್ನು ಹೇಳಲು ಮಾತ್ರ ಆ ಭಾಷೆ ಒದಗುತ್ತಿಲ್ಲ.

ನಾನು ಶಾಲ್ಮಲಾ, ಮೋಡ ಮಂಡಳಿಯಲ್ಲಿ ಎಂಜಿನಿಯರ್. ಯಾವ ದೇಶಕ್ಕೆ ಎಷ್ಟು ಮಳೆ ಎಂದು ಹಂಚಲು ಎಲ್ಲ ದೇಶಗಳೂ ಸೇರಿ ಕಟ್ಟಿದ ಸಂಸ್ಥೆ ಅದು. ಯಾರ ಒತ್ತಡಕ್ಕೂ ಬಾಗದಿರಲೆಂದು, ನಿಮ್ಮ ಕಾಲದ ಅಂತರರಾಷ್ಟ್ರೀಯ ಸಂಸ್ಥೆಗಳಿಗಿದ್ದ ಕಾನೂನಿನ ಮಾದರಿಯಲ್ಲೇ ಅದಕ್ಕೆ ರಕ್ಷಣೆ ಕೊಟ್ಟಿದ್ದಾರೆ. ಮಂಡಳಿಯ ಮೇಲೆ ಕೇಸು ಹಾಕುವಂತಿಲ್ಲ, ಪೊಲೀಸರು ಗೇಟು ದಾಟುವಂತಿಲ್ಲ, ನಮ್ಮನ್ನು ಸಾಕ್ಷಿಗೂ ಕರೆಯುವಂತಿಲ್ಲ. ಇದು ಬೇಕೆಂದೇ ನಾನು ಈಗಲೂ ನಂಬುತ್ತೇನೆ. ಸರ್ಕಾರಗಳು ಮಳೆ ಕಸಿಯಲು ಬಂದಾಗ ನಮ್ಮನ್ನು ಉಳಿಸಿದ್ದು ಇದೇ.

ಆದರೆ ಅದರೊಳಗೆ ಬದುಕುವುದು ಹೇಗೆಂದು ನೀವು ಯೋಚಿಸಿದ್ದಿರೋ ಇಲ್ಲವೋ. ನಮ್ಮ ಓಣಿಯಲ್ಲಿ ಯುಗಾದಿಯ ಮರುದಿನ ‘ದೂರುಕಟ್ಟೆ’ ಕೂಡುತ್ತದೆ. ವರ್ಷವಿಡೀ ನುಂಗಿಕೊಂಡ ಸಿಟ್ಟನ್ನು ಅಂದು ಎದುರೆದುರೇ ಕಾರಿಕೊಂಡು, ಆಮೇಲೆ ಒಟ್ಟಿಗೆ ಉಣ್ಣುತ್ತಾರೆ. ಸರದಿ ನನ್ನ ಮನೆಗೆ ಬಂದಾಗ ಮಾತ್ರ ಮುಂದಿನ ಮನೆಗೆ ದಾಟಿಬಿಡುತ್ತಾರೆ. ಯಾಕೆಂದು ಒಮ್ಮೆ ಕೇಳಿದೆ.

“ನಿಮ್ಮ ಮ್ಯಾಲೆ ದೂರಿಟ್ಟು ಏನ್ ಮಾಡೂದ್ರೀ ಮೇಡಮ್ಮಾರ? ದೇವರನ್ನರ ಬೈಬಹುದು, ನಿಮ್ಮನ್ನ ಬೈಯಾಕ ಬರಂಗಿಲ್ಲ,” ಎಂದಳು ಎದುರುಮನೆಯ ರಾಚಮ್ಮ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಳೆದ ತಿಂಗಳು ನಮ್ಮ ಓಣಿಯಲ್ಲಿ ಮಂಡಳಿಯ ಟ್ಯಾಂಕರ್ ಹಿಂದಕ್ಕೆ ಬರುವಾಗ ರಾಚಮ್ಮನ ಬಲಗೈ ಗೋಡೆಗೆ ಸಿಕ್ಕಿ ಜಜ್ಜಿಹೋಯಿತು. ರೊಟ್ಟಿ ಬಡಿದು ಬದುಕುವವಳು. ಮಂಡಳಿಯ ಮೇಲಂತೂ ಕೇಸಿಲ್ಲ. ಸರ್ಕಾರವಾದರೂ ಪರಿಹಾರ ಕೊಡಲೆಂದು ಕೋರ್ಟಿಗೆ ಹೋಗಿದ್ದಾಳೆ. ತಪ್ಪು ತನ್ನದಲ್ಲವೆಂದು ಅಲ್ಲಿ ತೋರಿಸಬೇಕು. ಚಾಲಕ ಹಿಂದೆ ತಿರುಗಿ ನೋಡಲಿಲ್ಲ ಎಂಬುದನ್ನು ಕಂಡವಳು ನಾನೊಬ್ಬಳೇ, ಕೆಲಸದ ಮೇಲೆ ಅವನ ಪಕ್ಕದಲ್ಲೇ ಕೂತಿದ್ದೆ.

“ನೀವು ನೋಡೀರಲ್ರೀ. ಬಂದು ಅಷ್ಟ ಹೇಳ್ರಿ ಯವ್ವಾ,” ಎಂದು ಬಾಗಿಲಿಗೆ ಬಂದಳು. ರಕ್ಷಣೆ ಬಿಟ್ಟುಕೊಡುತ್ತೇನೆಂದು ನಿರ್ದೇಶಕರಿಗೆ ಹೇಳಿದೆ. “ಅದು ನಿಮ್ಮದಲ್ಲ, ಮಂಡಳಿಯದು. ಬಿಟ್ಟುಕೊಡಲು ನೀವು ಯಾರು?” ಎಂದರು. ರಾಜೀನಾಮೆ ಕೊಟ್ಟರೂ ಕೆಲಸದಲ್ಲಿದ್ದಾಗ ಕಂಡದ್ದನ್ನು ಹೇಳುವಂತಿಲ್ಲವಂತೆ. ಇದನ್ನು ರಾಚಮ್ಮನಿಗೆ ವಿವರಿಸಿದೆ. ವಿವರಿಸುತ್ತ ನನಗೇ ಅದು ನೆಪದಂತೆ ಕೇಳಿಸಿತು. ಈಗ ನನ್ನನ್ನು ಕಂಡರೆ ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ.

ನೀವು ಇಂಥ ಕಾನೂನುಗಳನ್ನು ಇನ್ನೂ ಬರೆಯುತ್ತಿರುವವರು. ರಕ್ಷಣೆ ಕೊಡಿ, ಬೇಡವೆನ್ನುವುದಿಲ್ಲ. ಕಂಡದ್ದನ್ನು ತಾವಾಗಿ ಬಂದು ಹೇಳುವವರನ್ನು ತಡೆಯಬಾರದೆಂದು ಒಂದು ಸಾಲು ಸೇರಿಸಿ.

ನಾಳೆ ವಿಚಾರಣೆ. ಆ ಸಾಲು ಇರಲಿ, ಇಲ್ಲದಿರಲಿ, ನಾನು ಹೋಗಿ ಎದ್ದು ನಿಂತು ಹೇಳುತ್ತೇನೆ. ಕೋರ್ಟು ಬರೆದುಕೊಳ್ಳುವುದಿಲ್ಲ, ಗೊತ್ತು. ರಾಚಮ್ಮನ ಕಿವಿಗೆ ಬಿದ್ದರೆ ಸಾಕು.